ಗಲ್ಲಾಕ್ಕೆ ಹೋಗುವ ದಾರಿ

ಹೋಟೆಲಿನ ಕೆಲಸದ ಹಂಚಿಕೆ ಸರಿಯಿದೆಯೋ ಇಲ್ಲವೋ ಎಂದು ತಿಳಿಯಲು ಮ್ಯಾನೇಜರ್ ಕೋಣೆಯ ಗೋಡೆಗೆ ಅಂಟಿಸಿದ ಡ್ಯೂಟಿ ಚಾರ್ಟ್ ಸಾಲದು. ಕ್ಲೀನರ್ ಆಗಿ ಸೇರಿದವನು ಕೆಲವು ವರ್ಷ ಕಳೆದ ಮೇಲೆ ಎಲ್ಲಿರುತ್ತಾನೆ ಎಂದು ಕೇಳಬೇಕು. ಹಳೇ ಉಡುಪಿ ಹೋಟೆಲಿಗೂ ಈಗಿನ ದರ್ಶಿನಿಗೂ ಇದೇ ಪ್ರಶ್ನೆ ಹಾಕಿ ನೋಡಿ.

ಉಡುಪಿ ಹೋಟೆಲಿನವರು ವಿಭಾಗ, ಹುದ್ದೆ ಎಂದೆಲ್ಲ ಮಾತಾಡಿದವರಲ್ಲ. ಆದರೂ ಉಗ್ರಾಣ, ರುಬ್ಬುವ ಕಲ್ಲು, ದೋಸೆ ಕಾವಲಿ, ಕಾಫಿ, ಸಪ್ಲೈ, ಗಲ್ಲಾ ಎಂದು ಎಲ್ಲವೂ ಬೇರೆಬೇರೆಯಾಗಿಯೇ ಇದ್ದವು. ಇವನ್ನು ಒಂದಕ್ಕೊಂದು ಬೆಸೆದವನು ಮಾಣಿ. ಗಾಂಧಿಬಜಾರಿನ ವಿದ್ಯಾರ್ಥಿ ಭವನದಲ್ಲಿ ಆ ಕೆಲಸದ ಸೊಗಸನ್ನು ಇವತ್ತಿಗೂ ನೋಡಬಹುದು. ಕೈಯುದ್ದಕ್ಕೂ ಮಸಾಲೆ ದೋಸೆಯ ತಟ್ಟೆ ಪೇರಿಸಿಕೊಂಡು, ಯಾವ ಮೇಜಿಗೆ ಎಷ್ಟು ಎಂಬುದನ್ನು ತಲೆಯಲ್ಲೇ ಇಟ್ಟುಕೊಂಡು ಸಪ್ಲೈಯರ್ ಬರುತ್ತಾರೆ. ಹಿಂದೆಲ್ಲ ಎಷ್ಟೋ ಹೋಟೆಲುಗಳಲ್ಲಿ ಬಿಲ್ಲೂ ಬಾಯಲ್ಲೇ. ಗಿರಾಕಿ ಎದ್ದು ಗಲ್ಲಾ ತಲುಪುವಷ್ಟರಲ್ಲಿ ಮಾಣಿಯ ಕೂಗು ಅಲ್ಲಿಗೆ ಮುಟ್ಟಿರುತ್ತಿತ್ತು. ಒಳಗೆ ಏನು ಮುಗಿಯಿತು, ಹೊರಗೆ ಯಾರಿಗೆ ಸಾಂಬಾರು ರುಚಿಸಲಿಲ್ಲ, ಎರಡೂ ಗೊತ್ತಿದ್ದವನು ಅವನೊಬ್ಬನೇ. ವ್ಯಾಪಾರ ಕಲಿಯಲು ಅದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ. ಮುಂಬಯಿಯ ಮಾಟುಂಗಾದಲ್ಲಿ 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದ ಎ. ರಾಮ ನಾಯಕರು ಚಿಕ್ಕಂದಿನಲ್ಲಿ ಹೋಟೆಲಿನ ಅಡುಗೆಮನೆಯಲ್ಲಿ ದುಡಿದು ಮೇಲೆ ಬಂದವರೇ.

ಹಾಗೆಂದು ಹಳೆಯದನ್ನು ಹೊಗಳಿ ಕೂರುವಂತಿಲ್ಲ. ಎಲ್ಲರಿಗೂ ಆ ದಾರಿ ತೆರೆದಿರಲಿಲ್ಲ. ಒಲೆಯ ಮುಂದೆ ಯಾರು ನಿಲ್ಲಬಹುದು ಎಂಬುದನ್ನು ಬಹುಕಾಲ ತೀರ್ಮಾನಿಸಿದ್ದು ಜಾತಿ. ಎಂಜಲೆಲೆ ತೆಗೆಯುವವನಿಗೆ ಕೈರುಚಿ ಇದ್ದರೂ ಸೌಟು ಸಿಗುತ್ತಿರಲಿಲ್ಲ. ಮಾಣಿ ಎಂದು ಕರೆಸಿಕೊಂಡವರಲ್ಲಿ ಬಹಳ ಮಂದಿ ನಿಜಕ್ಕೂ ಮಕ್ಕಳು. ನಸುಕಿನಿಂದ ನಡುರಾತ್ರಿಯವರೆಗೆ ದುಡಿದು, ತಾವೇ ಒರೆಸಿದ ಬೆಂಚಿನ ಮೇಲೆ ಮಲಗುತ್ತಿದ್ದರು. ಹೋಟೆಲು, ಢಾಬಾಗಳಲ್ಲಿ 14ರೊಳಗಿನ ಮಕ್ಕಳನ್ನು ದುಡಿಸಬಾರದೆಂಬ ಕೇಂದ್ರದ ನಿಷೇಧ ಜಾರಿಯಾದದ್ದು 2006ರ ಅಕ್ಟೋಬರಿನಲ್ಲಿ. ಅಷ್ಟು ತಡವಾಯಿತು.

ದರ್ಶಿನಿ ಹುಟ್ಟಿದ್ದು 1983ರಲ್ಲಿ, ಬೆಂಗಳೂರಿನ ಜಯನಗರದಲ್ಲಿ. ಕುರ್ಚಿ ಹೋಯಿತು, ಮಾಣಿಯೂ ಹೋದ. ಟೋಕನ್ ತಗೊಂಡು ಗಿರಾಕಿಯೇ ಕೌಂಟರಿಗೆ ನಡೆದ. ದರ ಇಳಿಯಿತು, ಆಟೋ ಓಡಿಸುವವರೂ ಆಫೀಸಿನ ಸಾಹೇಬರೂ ಒಂದೇ ಎತ್ತರದ ಮೇಜಿಗೆ ಮೊಣಕೈ ಊರಿದರು. ನನ್ನ ಲೆಕ್ಕದಲ್ಲಿ ಇದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ಗೋಡೆಯಾಚೆ ಇದ್ದ ಅಡುಗೆಮನೆ ಕಣ್ಣೆದುರಿಗೆ ಬಂತು. ಕಾವಲಿಗೆ ನೀರು ಚಿಮುಕಿಸಿ ಪೊರಕೆಯಲ್ಲಿ ಗುಡಿಸುವುದನ್ನು ನಾವು ನೋಡುತ್ತೇವೆ. ನಮ್ಮ ಮುಖ ಸಿಂಡರಿಸಿದ್ದನ್ನು ದೋಸೆ ಹಾಕುವವರೂ ನೋಡುತ್ತಾರೆ. 'ಸ್ವಲ್ಪ ಗರಿಗರಿ ಮಾಡಿ' ಎಂದು ನೇರವಾಗಿ ಅವರಿಗೇ ಹೇಳಬಹುದು.

ಆದರೆ ಮಾಣಿ ಇಲ್ಲದ ಮೇಲೆ ಕ್ಲೀನರ್‌ಗೂ ಗಲ್ಲಾಕ್ಕೂ ನಡುವಿನ ಮೆಟ್ಟಿಲೇ ಕಳಚಿಹೋಯಿತು. ಇವತ್ತು ದರ್ಶಿನಿಯಲ್ಲಿ ತಟ್ಟೆ ಎತ್ತುವವರು ಒಡಿಶಾದವರೋ ಅಸ್ಸಾಮಿನವರೋ ಆಗಿರುವುದುಂಟು. ಗಿರಾಕಿ ಅವರೊಂದಿಗೆ ಮಾತಾಡುವುದಿಲ್ಲ, ಅಡುಗೆಯವರಿಗೆ ಪುರುಸೊತ್ತಿಲ್ಲ, ಕಂಪ್ಯೂಟರಿನ ಮುಂದೆ ಕೂರಲು ಕನ್ನಡ ಬರಬೇಕು. ಬಂದ ಕೆಲಸದಲ್ಲೇ ಇದ್ದು, ಬೇಸತ್ತ ದಿನ ಬಿಟ್ಟು ಹೋಗುತ್ತಾರೆ. ಆಗ ಮಾಲೀಕರು 'ಹುಡುಗರು ನಿಲ್ಲೋದೇ ಇಲ್ಲ ಸಾರ್' ಎಂದು ಗೋಳು ತೋಡಿಕೊಳ್ಳುತ್ತಾರೆ. ಮಧ್ಯಾಹ್ನ ಊಟದ ಗದ್ದಲ ಮುಗಿದು ಸಂಜೆಯ ಕಾಫಿ ಶುರುವಾಗುವವರೆಗಿನ ಬಿಡುವಿನಲ್ಲಿ ಅದೇ ಹುಡುಗನನ್ನು ಫಿಲ್ಟರ್ ಮುಂದೆ ನಿಲ್ಲಿಸಿ ಡಿಕಾಕ್ಷನ್ ಇಳಿಸುವುದನ್ನು ಕಲಿಸಲು ಖರ್ಚೇನೂ ಇಲ್ಲ.

ಕೆಲಸದವರು ಉಳಿಯಬೇಕೆಂದಿದ್ದರೆ ವಿಭಾಗದ ಗೆರೆ ಅಳಿಸಲು ಬರುತ್ತದೆ. ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ತಿಂಡಿಯ ದರಕ್ಕೆ ಮಿತಿ ಹಾಕಿದಾಗ 1924ರಿಂದ ನಡೆದುಬಂದ ಎಂಟಿಆರ್ ಹೋಟೆಲು ಬಾಗಿಲು ಹಾಕಿತು. ಕೆಲಸದವರನ್ನು ಬೀದಿಗೆ ಬಿಡದೆ, ಅವರಿಂದಲೇ ತಿಂಡಿ ಮಿಕ್ಸ್, ಮಸಾಲೆ ಪುಡಿ ತಯಾರಿಸಿ ಮಾರಿತು.

ಈಗ ಪಾರ್ಸೆಲ್ ಕೌಂಟರಿನ ಮುಂದೆ ಇನ್ನೊಬ್ಬ ಬಂದು ನಿಂತಿದ್ದಾನೆ, ಬೆನ್ನಿಗೆ ಕಂಪನಿಯ ಚೀಲ, ಕೈಯಲ್ಲಿ ಮೊಬೈಲು. ಹೋಟೆಲಿನ ಇಡ್ಲಿಯನ್ನು ಗಿರಾಕಿಯ ಬಾಗಿಲಿಗೆ ಮುಟ್ಟಿಸುವವನು ಅವನೇ, ಹಾಗಾಗಿ ಮಾಣಿಯ ಕೆಲಸವೇ ಅವನದು. ಆದರೆ ಹೋಟೆಲಿನ ಹಾಜರಿ ಪುಸ್ತಕದಲ್ಲಿ ಅವನ ಹೆಸರಿಲ್ಲ. ಎಷ್ಟೋ ಕಡೆ ಅವನು ಒಳಗೆ ಬಂದು ಕೈತೊಳೆಯುವುದಕ್ಕೂ ಕ್ಯಾಷಿಯರ್ ಮುಖ ನೋಡಬೇಕು.