ಸಿಟ್ಟೊಂದೇ ಸಾಲದು

ನ್ಯೂಜೆರ್ಸಿಯ ನೆವಾರ್ಕ್‌ನ ಸಾರ್ವಜನಿಕ ಗ್ರಂಥಾಲಯಕ್ಕೆ ಮತ್ತೆ ಹೋಗತೊಡಗಿದ್ದೇನೆ. ಕೊರೊನಾ ಕಾಲದಲ್ಲಿ ತಪ್ಪಿದ ರೂಢಿ ಅದು. ಜರ್ನಲ್ ಸ್ಕ್ವೇರ್‌ನಲ್ಲಿ ಪಾತ್ ರೈಲು ಹತ್ತಿ, ನೆವಾರ್ಕ್ ಪೆನ್ ಸ್ಟೇಷನ್ನಿನಲ್ಲಿ ಇಳಿದು, ಹ್ಯಾರಿಯೆಟ್ ಟಬ್‌ಮನ್ ಚೌಕದವರೆಗೆ ನಡೆದರೆ 1901ರ ಆ ಕಲ್ಲಿನ ಕಟ್ಟಡ ಸಿಗುತ್ತದೆ. ಬೇಕೆಂದು ಹುಡುಕಿದ ಪುಸ್ತಕ ಫೋನಿನಲ್ಲೂ ಸಿಕ್ಕೀತು. ಹುಡುಕದೇ ಇದ್ದದ್ದು ಸಿಗಬೇಕಾದರೆ ಕಪಾಟಿನ ಮುಂದೆಯೇ ನಿಲ್ಲಬೇಕು.

ಹಾಗೆ ಸಿಕ್ಕಿದ್ದು ಅಮೆರಿಕದ ಕಾದಂಬರಿಕಾರ ಫಿಲಿಪ್ ರಾತ್ ಅವರ ‘ಅವರ್ ಗ್ಯಾಂಗ್’. ರಾತ್ ಇದೇ ಊರಿನ ವೀಕ್ವೇಯಿಕ್ ಬಡಾವಣೆಯಲ್ಲಿ ಬೆಳೆದವರು. 1959ರ ‘ಗುಡ್‌ಬೈ, ಕೊಲಂಬಸ್’ನ ನಾಯಕ ಈ ಗ್ರಂಥಾಲಯದ ನೌಕರ. 2018ರಲ್ಲಿ ತೀರಿಕೊಂಡ ರಾತ್ ತಮ್ಮ ಸ್ವಂತ ಪುಸ್ತಕ ಸಂಗ್ರಹವನ್ನು ಇಲ್ಲಿಗೇ ಬಿಟ್ಟುಹೋದರು. ಅಂಥವರು ಬರೆದ ರಾಜಕೀಯ ಕಾದಂಬರಿಯೆಂದರೆ ಆಸೆ ಹುಟ್ಟದೆ ಇರುತ್ತದೆಯೇ?

ಮೊದಲ ಅಧ್ಯಾಯ ಆ ಆಸೆಯನ್ನು ಹೆಚ್ಚಿಸುತ್ತದೆ. 1971ರ ಏಪ್ರಿಲ್ ಮೊದಲ ವಾರದಲ್ಲಿ ಅಧ್ಯಕ್ಷ ನಿಕ್ಸನ್, ವಿಯೆಟ್ನಾಮಿನ ಮೈ ಲಾಯ್ ಹತ್ಯಾಕಾಂಡದಲ್ಲಿ 22 ಜನರ ಕೊಲೆಗಾಗಿ ಶಿಕ್ಷೆಯಾಗಿದ್ದ ಲೆಫ್ಟಿನೆಂಟ್ ಕ್ಯಾಲಿಯನ್ನು ಸೆರೆಯಿಂದ ಬಿಡಿಸಿ ಗೃಹಬಂಧನದಲ್ಲಿರಿಸಲು ಆದೇಶಿಸಿದರು. ಎರಡೇ ದಿನಕ್ಕೆ, ಹುಟ್ಟದ ಜೀವವೂ ಪವಿತ್ರವೆಂದು ಗರ್ಭಪಾತದ ವಿರುದ್ಧ ಹೇಳಿಕೆ ಕೊಟ್ಟರು. ಕಾದಂಬರಿಯಲ್ಲಿ ನಾಗರಿಕನೊಬ್ಬ ‘ಟ್ರಿಕ್ ಇ. ಡಿಕ್ಸನ್’ ಎಂಬ ಅಧ್ಯಕ್ಷನನ್ನು ಕೇಳುತ್ತಾನೆ: ಕ್ಯಾಲಿ ಕೊಂದವರಲ್ಲಿ ಬಸುರಿಯೊಬ್ಬಳು ಇದ್ದಿದ್ದರೆ? ಡಿಕ್ಸನ್‌ನ ಉತ್ತರಗಳು ನುಣುಚಿಕೊಳ್ಳುವ ಬಗೆಯಲ್ಲಿ ಅಧಿಕಾರದ ಭಾಷೆಯೆಲ್ಲ ಬೆತ್ತಲಾಗುತ್ತದೆ.

ಅಲ್ಲಿಂದ ಮುಂದೆ ಪುಸ್ತಕ ಸೊರಗುತ್ತದೆ. ಡಿಕ್ಸನ್ ಫುಟ್‌ಬಾಲ್ ಉಡುಪು ತೊಟ್ಟು ನೆಲಮಾಳಿಗೆಯಲ್ಲಿ ಸಲಹೆಗಾರರನ್ನು ಸೇರಿಸುತ್ತಾನೆ, ಡೆನ್ಮಾರ್ಕ್ ಮೇಲೆ ದಂಡೆತ್ತುತ್ತಾನೆ, ಸತ್ತು ನರಕಕ್ಕೆ ಹೋದ ಮೇಲೆ ಸೈತಾನನ ವಿರುದ್ಧ ಚುನಾವಣೆಗೆ ನಿಲ್ಲುತ್ತಾನೆ. ಎಲ್ಲವೂ ಭಾಷಣ, ಪತ್ರಿಕಾಗೋಷ್ಠಿ, ಸಂಭಾಷಣೆ. ಇವನಿಗೆ ಮನೆಯಿಲ್ಲ, ರಾತ್ರಿಯಿಲ್ಲ, ಒಂಟಿತನವಿಲ್ಲ. ಲೇಖಕರಿಗೆ ಅವನ ಬಗ್ಗೆ ಮೊದಲ ಪುಟದಲ್ಲಿ ಗೊತ್ತಿದ್ದಷ್ಟೇ ಕೊನೆಯ ಪುಟದಲ್ಲೂ ಗೊತ್ತು. ನನಗೆ ಬೇಸರವಾದದ್ದು ಅದಕ್ಕೆ. ದ್ವೇಷಿಸಲು ಯೋಗ್ಯನಾದವನನ್ನು ಕಾದಂಬರಿಕಾರ ಬರೀ ದ್ವೇಷಿಸಿದರೆ ಅವನು ಚಿಕ್ಕವನಾಗಿ, ಹಗುರವಾಗಿ, ತಪ್ಪಿಸಿಕೊಂಡುಬಿಡುತ್ತಾನೆ. ಪುಸ್ತಕ ಬಂದ ಮರುವರ್ಷವೇ ವಾಟರ್‌ಗೇಟ್ ಹಗರಣ ಹೊರಬಿತ್ತು. ನಿಜವಾದ ನಿಕ್ಸನ್ ಈ ಡಿಕ್ಸನ್‌ಗಿಂತ ಎಷ್ಟೋ ಪಾಲು ಸಂಕೀರ್ಣ ಪಾತ್ರವಾದರು.

ಓದುತ್ತಿರುವಾಗ ಅನಂತಮೂರ್ತಿಯವರ ಕಾದಂಬರಿ ‘ಅವಸ್ಥೆ’ (1978) ಪದೇಪದೇ ನೆನಪಾಯಿತು. ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರ ಬದುಕಿನ ನೆರಳಿರುವ ಕೃಷ್ಣಪ್ಪಗೌಡ ಅಲ್ಲಿ ಪಾರ್ಶ್ವವಾಯು ಬಡಿದು ಮಲಗಿದ್ದಾನೆ. ಕ್ರಾಂತಿಯ ಕನಸು ಕಂಡವನ ಸುತ್ತ ಮುಖ್ಯಮಂತ್ರಿ ಪದವಿಯ ಲೆಕ್ಕಾಚಾರ ನಡೆಯುತ್ತದೆ. ತನ್ನ ದೇಹವೇ ತನ್ನ ಮಾತು ಕೇಳದವನ ಕೈಗೆ ರಾಜ್ಯ ಕೊಡಲು ಬರುತ್ತಾರೆ! ಅನಂತಮೂರ್ತಿ ಅವನನ್ನು ಪ್ರೀತಿಸುತ್ತಲೇ ಬಿಡದೆ ಪರೀಕ್ಷಿಸುತ್ತಾರೆ. ಓದುಗನಿಗೂ ಅವನಿಂದ ದೂರ ನಿಂತು ನಗಲು ಜಾಗವಿಲ್ಲ.

ಹಾಗೆಂದು ರಾತ್ ಅವರ ಸಿಟ್ಟು ಕೆಲಸಕ್ಕೆ ಬಾರದ್ದೇನಲ್ಲ. 1967ರ ಗಲಭೆಯಲ್ಲಿ ನೆವಾರ್ಕ್ 26 ಜೀವ ಕಳೆದುಕೊಂಡಿತ್ತು. ಆ ಗಾಯ ಮಾಯುವ ಮೊದಲೇ, 1969ರಲ್ಲಿ ನಗರಸಭೆ ಗ್ರಂಥಾಲಯಕ್ಕೆ ಕೊಡುವ ಹಣವನ್ನೇ ನಿಲ್ಲಿಸಲು ಹೊರಟಾಗ ರಾತ್ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಕೆಂಡದಂಥ ಲೇಖನ ಬರೆದರು. ಜನರೂ ದನಿಯೆತ್ತಿದರು, ನಗರಸಭೆ ಹಿಂದೆ ಸರಿಯಿತು. ಎರಡು ಕಾಲಂ ಲೇಖನಕ್ಕೆ ಸಿಟ್ಟೊಂದೇ ಸಾಕು. ಇನ್ನೂರು ಪುಟದ ಕಾದಂಬರಿಗೆ ಸಾಲದು.

ಇದನ್ನು ಅವರು ಅರಿತಿದ್ದರೆಂಬುದಕ್ಕೆ 2004ರ ‘ದಿ ಪ್ಲಾಟ್ ಎಗೇನ್ಸ್ಟ್ ಅಮೆರಿಕ’ ಸಾಕ್ಷಿ. 1940ರಲ್ಲಿ ರೂಸ್‌ವೆಲ್ಟ್ ಸೋತು, ನಾತ್ಸಿಗಳತ್ತ ಒಲವಿದ್ದ ವಿಮಾನವೀರ ಲಿಂಡ್‌ಬರ್ಗ್ ಅಧ್ಯಕ್ಷನಾದರೆ ಎಂಬ ಕಲ್ಪನೆ. ಆದರೆ ಕತೆ ನಡೆಯುವುದು ವೀಕ್ವೇಯಿಕ್‌ನ ಯಹೂದಿ ಮನೆಯೊಂದರಲ್ಲಿ. ಅಣ್ಣ ಲಿಂಡ್‌ಬರ್ಗ್‌ನ ಚಿತ್ರಗಳನ್ನು ಹಾಸಿಗೆಯ ಕೆಳಗೆ ಬಚ್ಚಿಡುತ್ತಾನೆ. ಕೆನಡಾಕ್ಕೆ ಓಡಬೇಕಾಗಿ ಬಂದರೆ ಇರಲೆಂದು ತಾಯಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿ ಹಣ ಕೂಡಿಡುತ್ತಾಳೆ. ದೂರದ ಕೆಂಟಕಿಗೆ ವರ್ಗ ಮಾಡಿದಾಗ ತಂದೆ ವಿಮಾ ಕಂಪನಿಯ ನೌಕರಿಯನ್ನೇ ಬಿಡುತ್ತಾನೆ. ಅಧ್ಯಕ್ಷ ಎಲ್ಲೋ ಆಕಾಶದಲ್ಲಿ ಹಾರಾಡುತ್ತಿರುತ್ತಾನೆ. ಭಯ ಮಾತ್ರ ಊಟದ ಮೇಜಿಗೆ ಬಂದು ಕೂತಿರುತ್ತದೆ.

ರಾತ್ ಅವರನ್ನು ಹೊಸದಾಗಿ ಓದುವವರು ಇದರಿಂದಲೇ ಶುರುಮಾಡಲಿ. ‘ಅವರ್ ಗ್ಯಾಂಗ್’ನ ಮೊದಲ ಅಧ್ಯಾಯವನ್ನು ಗ್ರಂಥಾಲಯದಲ್ಲೇ ಕೂತು ಓದಿಬಿಡಬಹುದು.