ಚಾಮಯ್ಯ ಮೇಷ್ಟ್ರು ಸರಿಯೇ, ತಪ್ಪೇ?

ಪುಟ್ಟಣ್ಣ ಕಣಗಾಲರ ‘ನಾಗರಹಾವು’ 1972ರಲ್ಲಿ ತೆರೆಕಂಡಾಗ ತಕರಾರು ಬಂದದ್ದು ಮೂಲ ಲೇಖಕರಿಂದಲೇ. ತಮ್ಮ ಮೂರು ಕಾದಂಬರಿಗಳನ್ನು ಒಟ್ಟಿಗೆ ಹೆಣೆದ ಈ ಚಿತ್ರ ತ.ರಾ.ಸು. ಅವರಿಗೆ ಹಿಡಿಸಲಿಲ್ಲ. ಪ್ರೇಕ್ಷಕರು ಮಾತ್ರ ವಿಷ್ಣುವರ್ಧನರ ರಾಮಾಚಾರಿಯನ್ನು ಎದೆಗಪ್ಪಿಕೊಂಡರು.

ಇಂದಿಗೂ ನೋಡುಗರಲ್ಲಿ ಒಮ್ಮತ ಮೂಡದಿರುವುದು ಚಾಮಯ್ಯ ಮೇಷ್ಟರ ವಿಷಯದಲ್ಲಿ. ಊರೇ ದೂರುವ ಹುಡುಗನನ್ನು ಮಗನಂತೆ ಕಂಡ ದೇವರಂಥ ಮನುಷ್ಯ ಅಂತ ಕೆಲವರು. ರಾಮಾಚಾರಿ ಪ್ರೀತಿಸಿದ ಅಲಮೇಲುವನ್ನು ಮರೆತುಬಿಡು ಎಂದು ಮನವೊಲಿಸಿ ಇಬ್ಬರ ಬಾಳನ್ನೂ ಕೆಡಿಸಿದ್ದು ಅವರೇ ಅಂತ ಇನ್ನು ಕೆಲವರು. ಎರಡಕ್ಕೂ ಪುರಾವೆ ಚಿತ್ರದೊಳಗೇ ಇದೆ. ಮೇಷ್ಟರಾಗಿ ಕೆ.ಎಸ್. ಅಶ್ವಥ್ ಗದರುವಾಗಲೂ ದನಿಯಲ್ಲಿ ಅಕ್ಕರೆ ಉಳಿದಿರುತ್ತದೆ. ಆ ಅಕ್ಕರೆಗೆ ಸೋತೇ ರಾಮಾಚಾರಿ ಪ್ರೀತಿಯನ್ನು ಬಿಟ್ಟುಕೊಡುತ್ತಾನೆ. ಮುಂದೆ ಅಲಮೇಲು ವೇಶ್ಯಾವೃತ್ತಿಗೆ ಬಿದ್ದದ್ದನ್ನು ಕಂಡ ಮೇಲೆ ಮೇಷ್ಟರ ಬುದ್ಧಿಮಾತು ಮೊದಲಿನಂತೆ ಕೇಳಿಸುವುದಿಲ್ಲ. ಗುರುವನ್ನು ಪೂಜಿಸುವ ನಾಡಿನಲ್ಲಿ ಗುರುವಿನ ತಪ್ಪನ್ನು ಇಷ್ಟು ನೇರವಾಗಿ ತೋರಿಸಿದ್ದು ಪುಟ್ಟಣ್ಣನವರ ಎದೆಗಾರಿಕೆ.

ಚಿತ್ರದಲ್ಲಿ ಬರುವ, ಚಿತ್ರದುರ್ಗದ ವೀರವನಿತೆ ಒನಕೆ ಓಬವ್ವನ ಹಾಡು ಕತೆಗೆ ಹೊರಗಿನದು ಎನ್ನುವವರೂ ಇದ್ದಾರೆ. ಹೌದು, ಕತೆ ಅಲ್ಲಿ ನಿಲ್ಲುತ್ತದೆ. ಆದರೆ ಓಬವ್ವನಾಗಿ ಜಯಂತಿ ಒನಕೆ ಎತ್ತಿ ನಿಂತ ಆ ಕೆಲವೇ ನಿಮಿಷಗಳಿಲ್ಲದೆ, ಕತೆ ನಡೆಯುವ ಚಿತ್ರದುರ್ಗದ ಕೋಟೆ ಬರಿಯ ಹಿನ್ನೆಲೆಯಾಗಿಯೇ ಉಳಿದುಬಿಡುತ್ತಿತ್ತು.