ಓವರಾಯಿಲಿಂಗ್ ಸಾಕು

ಶೆಡ್ಡಿನ ಮೂಲೆಯಲ್ಲಿ ಹರಿದ ಹಾಸಿಗೆ, ಒಡೆದ ಕೊಡಗಳ ಹಿಂದೆ ವರ್ಷಗಟ್ಟಲೆ ನಿಂತ ಕಪ್ಪು ಸೈಕಲ್ಲನ್ನು ಮನೆಯಲ್ಲಿ ಯಾರಾದರೂ ಹೊರಗೆಳೆದು "ಇದನ್ನ ಮೊದಲಿನ ಹಾಗೆ ಮಾಡಿಸ್ತೀನಿ" ಎಂದರೆ ಉಳಿದವರಿಗೆ ನಗು ತಡೆಯುವುದಿಲ್ಲ. "ಮಾಡ್ಸಪ್ಪ, ದಸರಾ ಮೆರವಣಿಗೆಗೆ ಕಳಿಸೋಣ" ಎಂದು ಒಬ್ಬರು, "ಗುಜರಿಯವನೂ ಮುಟ್ಟಲ್ಲ ಅದನ್ನ" ಎಂದು ಇನ್ನೊಬ್ಬರು. ಈ ಕೀಟಲೆಯನ್ನು ಬರಿಯ ಕೀಟಲೆಯೆಂದು ಬಿಟ್ಟುಬಿಡಬಾರದು, ಅದರೊಳಗೆ ಒಂದು ತೀರ್ಪು ಅಡಗಿದೆ. ಜೀರ್ಣೋದ್ಧಾರವೆಂಬ ಮರ್ಯಾದೆ ಸಲ್ಲುವುದು ದೇವಸ್ಥಾನಕ್ಕೆ, ಅರಮನೆಗೆ, ಹೆಚ್ಚೆಂದರೆ ಮಹಾರಾಜರ ಕಾರಿಗೆ. ಲಕ್ಷಗಟ್ಟಲೆ ತಯಾರಾಗಿ ಬೀದಿ ಬೀದಿಯಲ್ಲಿ ಓಡಿದ ಸೈಕಲ್ಲಿಗೆ ಅದು ಹೊಂದುವುದಿಲ್ಲ ಎಂಬುದೇ ಆ ತೀರ್ಪು. ನನ್ನ ಮಟ್ಟಿಗೆ ಇದು ಅರ್ಧ ಸರಿ, ಅರ್ಧ ತಪ್ಪು. ಹಳೆಯ ಸೈಕಲ್ಲುಗಳಿಗೆ ಈಗ ನಡೆಯುತ್ತಿರುವ ಒಂದು ಬಗೆಯ ಶೃಂಗಾರ ನಗೆಗೆ ಅರ್ಹ. ಸೈಕಲ್ಲು ಅಲ್ಲ.

ಮೊದಲು ಸೈಕಲ್ಲಿನ ಮಾತು. ಮದ್ರಾಸಿನ ಅಂಬತ್ತೂರಿನಲ್ಲಿ 1949ರಲ್ಲಿ ಶುರುವಾದ ಟಿಐ ಕಂಪನಿಯ ಹರ್ಕ್ಯುಲಿಸ್, ಸೋನಿಪತ್‌ನಲ್ಲಿ 1951ರಲ್ಲಿ ಹುಟ್ಟಿದ ಅಟ್ಲಾಸ್, 1956ರ ಲುಧಿಯಾನದ ಹೀರೋ, ಅಸನ್‌ಸೋಲಿನ ರ‍್ಯಾಲಿ, ಇವೆಲ್ಲ ಒಂದೇ ಇಂಗ್ಲಿಷ್ ಮಾದರಿಯ ಮಕ್ಕಳು. 28 ಇಂಚಿನ ಚಕ್ರ, ಕಡ್ಡಿ ಬ್ರೇಕು, ಚೈನಿಗೆ ತಗಡಿನ ಕವಚ, ಕಪ್ಪು ಬಣ್ಣದ ಮೇಲೆ ಚಿನ್ನದ ಗೆರೆ, ಗೇರಿನ ಗೊಡವೆಯಿಲ್ಲ. ಸಾಮಾನ್ಯವಾದದ್ದು ಎಂದೂ ಕಣ್ಮರೆಯಾಗದು ಎಂದು ನಾವು ನಂಬಿರುತ್ತೇವೆ. ಆಗುವುದು ಇದಕ್ಕೆ ವಿರುದ್ಧ. ಅಪರೂಪದ್ದನ್ನು ಯಾರಾದರೂ ಗಾಜಿನ ಪೆಟ್ಟಿಗೆಯಲ್ಲಿಡುತ್ತಾರೆ, ಎಲ್ಲರ ಮನೆಯಲ್ಲೂ ಇದ್ದದ್ದನ್ನು ಯಾರೂ ಇಡುವುದಿಲ್ಲ. ಅಟ್ಲಾಸ್ ಕಂಪನಿ 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಸಾಹಿಬಾಬಾದಿನ ಕಾರ್ಖಾನೆಯಲ್ಲಿ ಕೆಲಸ ನಿಲ್ಲಿಸಿತು. ಇನ್ನು ಶೆಡ್ಡಿನಲ್ಲಿರುವ ಆ ಒಂದು ಸೈಕಲ್ಲನ್ನು ಸ್ವಲ್ಪ ಹೊತ್ತು ಕಣ್ಣಿಟ್ಟು ನೋಡಿ. ಎಡ ಪೆಡಲಿನ ರಬ್ಬರು ಬಲಗಡೆಯದಕ್ಕಿಂತ ಹೆಚ್ಚು ಸವೆದಿದ್ದರೆ, ಅದರ ಮೇಲೆ ಕಾಲಿಟ್ಟು ನಾಲ್ಕು ಹೆಜ್ಜೆ ಕುಪ್ಪಳಿಸಿ ಸೀಟು ಏರುತ್ತಿದ್ದವರ ಅಭ್ಯಾಸ ಅಲ್ಲಿ ಉಳಿದಿದೆ. ಬಾರಿನ ಬಣ್ಣ ನಡುವೆ ಮಾತ್ರ ಹೋಗಿದ್ದರೆ ಅಲ್ಲಿ ಮಗುವಿನ ಪುಟ್ಟ ಸೀಟು ಇದ್ದಿರಬೇಕು. ಬಾರಿನ ಕೆಳಗೆ, ಚೌಕಟ್ಟಿನೊಳಗೆ ಗೀರು ಕಂಡರೆ ಯಾವುದೋ ಮಗು ಒಳಪೆಡಲು ಹೊಡೆದು ಸೈಕಲ್ ಕಲಿತದ್ದು ಇದರಲ್ಲೇ. ಕ್ಯಾರಿಯರಿನ ಎರಡೂ ಅಂಚು ಹೊಳಪಾಗಿದ್ದರೆ ಹಾಲಿನ ಕ್ಯಾನು ತೂಗಿದ್ದಿರಬಹುದು. ಪುರಸಭೆಗಳು ಸೈಕಲ್ಲಿಗೂ ತೆರಿಗೆ ಹಾಕುತ್ತಿದ್ದ ಕಾಲದ ಲೋಹದ ಬಿಲ್ಲೆ ಹ್ಯಾಂಡಲ್ಲಿನ ಕೆಳಗೆ ಇನ್ನೂ ಇದ್ದರಂತೂ ಅದೊಂದು ದಾಖಲೆಯೇ. ಸಾಲ ಮಾಡಿ ಸೈಕಲ್ ಕೊಂಡು ಸಂಸಾರ ಸಾಗಿಸಿದವರು ದಿನಚರಿ ಬರೆದಿಡಲಿಲ್ಲ. ಅವರು ಬರೆದದ್ದು ಇಷ್ಟೇ, ಇಲ್ಲೇ.

ಈಗ ಜೀರ್ಣೋದ್ಧಾರದ ಹೆಸರಿನಲ್ಲಿ ನಡೆಯುವುದನ್ನು ನೋಡೋಣ. ಚೌಕಟ್ಟನ್ನು ಬಿಚ್ಚಿ, ಮರಳು ಊದಿ ಬಣ್ಣವನ್ನೆಲ್ಲ ಕಿತ್ತು, ಪೌಡರ್ ಕೋಟಿಂಗ್ ಮಾಡಿಸಿ, ಹ್ಯಾಂಡಲ್ಲಿಗೂ ರಿಮ್ಮಿಗೂ ಹೊಸ ಕ್ರೋಮ್ ಹಾಕಿಸಿ, ಕಂಪ್ಯೂಟರಿನಲ್ಲಿ ಮುದ್ರಿಸಿದ ಸ್ಟಿಕ್ಕರ್ ಅಂಟಿಸುತ್ತಾರೆ. ಕೊನೆಗೆ ಅದು ಹೋಟೆಲಿನ ಗೋಡೆಗೋ ಮನೆಯ ವರಾಂಡಕ್ಕೋ ಅಲಂಕಾರವಾಗುತ್ತದೆ. ಹೀಗೆ ಮಾಡಿದಾಗ ಉಳಿಯುವುದೇನು? ಅಂಗಡಿಯಿಂದ ಆಗಷ್ಟೇ ಹೊರಬಂದಂತೆ ಕಾಣುವ, ಯಾರೂ ತುಳಿದೇ ಇಲ್ಲದಂತೆ ಕಾಣುವ ಒಂದು ಸೈಕಲ್ಲು. ಅಂಥದ್ದು ಬೇಕಿದ್ದರೆ ಹಳೆಯದನ್ನು ಕೆಡಿಸುವ ಅಗತ್ಯವಿರಲಿಲ್ಲ. ಸ್ಮಾರಕಗಳ ರಕ್ಷಣೆಗೆ 1964ರಲ್ಲಿ ರೂಪುಗೊಂಡ ವೆನಿಸ್ ಸನ್ನದು, ಊಹೆ ಶುರುವಾಗುವ ಕಡೆ ಜೀರ್ಣೋದ್ಧಾರ ನಿಲ್ಲಬೇಕು ಎನ್ನುತ್ತದೆ. ಅಳಿಸಿಹೋದ ಚಿನ್ನದ ಗೆರೆ ಎಷ್ಟು ದಪ್ಪವಿತ್ತೆಂದು ಊಹಿಸಿ ಎಳೆಯುವವರಿಗೂ ಆ ಮಾತು ಅನ್ವಯಿಸುತ್ತದೆ. ಕಲ್ಲಿನ ಮಂಟಪಕ್ಕೆ ಒಂದು ವಿವೇಕ, ಬಡವನ ವಾಹನಕ್ಕೆ ಇನ್ನೊಂದು ಎಂದು ಎಲ್ಲೂ ಇಲ್ಲ.

ಹಾಗಾದರೆ ತುಕ್ಕು ತಿನ್ನಲು ಬಿಡಬೇಕೇ? ಬೇಡ. ದಾರಿ ನಮ್ಮ ಸೈಕಲ್ ಶಾಪುಗಳಲ್ಲೇ ಇತ್ತು, ಅದಕ್ಕೆ ಹೆಸರೂ ಇತ್ತು: ಓವರಾಯಿಲಿಂಗ್. ಇಂಗ್ಲಿಷಿನ ಓವರ್‌ಹಾಲಿಂಗ್ ನಮ್ಮ ನಾಲಿಗೆಯಲ್ಲಿ ಎಣ್ಣೆ ಕುಡಿದು ಹೀಗಾಯಿತು, ಕೆಲಸಕ್ಕೂ ಹೊಂದಿಕೊಂಡಿತು. ಹಬ್ಬು ಬಿಚ್ಚಿ, ಗುಂಡುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಸವೆದವನ್ನು ಬದಲಾಯಿಸಿ, ಗ್ರೀಸು ತುಂಬಿ, ಕೋನನ್ನು ಅತ್ತ ಬಿಗಿಯೂ ಅಲ್ಲ ಇತ್ತ ಸಡಿಲವೂ ಅಲ್ಲ ಎಂಬಂತೆ ಕೂರಿಸಿ, ಚಕ್ರದ ಬೆಂಡು ತೆಗೆದು, ಚೈನಿಗೆ ಎಣ್ಣೆ ಬಿಡುವ ಕೆಲಸ. ಬಣ್ಣದ ಮಾತೇ ಇಲ್ಲಿಲ್ಲ. ಈ ಕೆಲಸದಲ್ಲಿ ಒಂದು ತತ್ವವಿದೆ. ತಿರುಗುವುದನ್ನು, ಉಜ್ಜುವುದನ್ನು ಹೊಸದು ಮಾಡು, ಉಳಿದದ್ದನ್ನು ಒರೆಸಿ ಬಿಡು. ಇದು ಯಾರೋ ಹೊರಗಿನಿಂದ ಹೇರಿದ ನಿಯಮವಲ್ಲ, ಯಂತ್ರವನ್ನು ಕಟ್ಟಿರುವುದೇ ಹಾಗೆ. ಗುಂಡು, ಕೋನು, ಬ್ರೇಕಿನ ರಬ್ಬರು, ಚೈನು ಇವೆಲ್ಲ ಸವೆಯಲೆಂದೇ, ಸವೆದ ಮೇಲೆ ಬದಲಾಗಲೆಂದೇ ಇರುವ ಭಾಗಗಳು. ಪೆಡಲಿನ ಕ್ರ್ಯಾಂಕನ್ನು ಹಿಡಿದಿಡುವ ಕಾಟರ್ ಪಿನ್ನಂತೂ ತಾನು ನಜ್ಜಾಗಿ ಅಕ್ಸಲನ್ನು ಕಾಪಾಡುತ್ತದೆ. ಚೌಕಟ್ಟು, ಮಡ್‌ಗಾರ್ಡು, ಕ್ಯಾರಿಯರು ಉಳಿಯಲೆಂದು ಇರುವವು, ಗುರುತುಗಳು ಕೂರುವುದೂ ಅಲ್ಲೇ. ತುಕ್ಕು ಹರಡದಂತೆ ಎಣ್ಣೆಬಟ್ಟೆ ಆಡಿಸಿದರೆ ಅವಕ್ಕೆ ಸಾಕು.

ಖರ್ಚಿನ ಆಕ್ಷೇಪ ಇಲ್ಲಿ ತಾನಾಗಿ ಕರಗುತ್ತದೆ. ಸೈಕಲ್ಲಿನ ಬೆಲೆಗಿಂತ ರಿಪೇರಿಯ ಬೆಲೆ ಮೀರುವುದು ಕ್ರೋಮ್ ಮತ್ತು ಬಣ್ಣಕ್ಕೆ ಕೈ ಹಾಕಿದಾಗ, ಗುಂಡು ಗ್ರೀಸು ಬದಲಿಸಿದಾಗಲ್ಲ. ಇದಕ್ಕಿಂತ ಭಾರವಾದ ಆಕ್ಷೇಪ ಇನ್ನೊಂದಿದೆ. ಆ ಸೈಕಲ್ಲನ್ನು ತುಳಿದವರು ಇಷ್ಟಪಟ್ಟು ತುಳಿದವರಲ್ಲ, ಲೂನಾ, ಟಿವಿಎಸ್ 50 ಕೈಗೆಟುಕಿದ ಕೂಡಲೇ ಅದನ್ನು ಮೂಲೆಗೆ ತಳ್ಳಿದರು. ಈಗ ಕಾರುಳ್ಳವರು ಅದನ್ನು ಮುದ್ದಿಸುವುದು ಬಡತನಕ್ಕೆ ಹೂ ಮುಡಿಸಿದಂತೆ ಎನ್ನುತ್ತಾರೆ. ಈ ಮಾತಿನಲ್ಲಿ ನೋವಿದೆ, ಸತ್ಯವೂ ಇದೆ. ಆದರೆ ಅದು ತಾಗುವುದು ಹೊಳಪಿಗೆ. ದುಡಿಮೆಯ ಗುರುತನ್ನು ಅಳಿಸಿ ಮಿಂಚು ಬರಿಸಿದಾಗಲೇ ಬಡತನ ಅಲಂಕಾರವಾಗುವುದು. ಬಾಗಿದ ಕ್ಯಾರಿಯರು ಬಾಗಿಯೇ ಇದ್ದರೆ ಅದು ಹೊತ್ತ ಭಾರವನ್ನು ಯಾರೂ ಮರೆಯಲಾರರು. ಬ್ರೇಕಿನ ದೌರ್ಬಲ್ಯವನ್ನು ಮಾತ್ರ ನಾನು ಒಪ್ಪಲೇಬೇಕು. ಕಡ್ಡಿ ಬ್ರೇಕು ರಿಮ್ಮಿನ ಒಳಮೈಯನ್ನು ಹಿಡಿಯುತ್ತದೆ, ಮಳೆಯಲ್ಲಿ ಒದ್ದೆಯಾದ ಉಕ್ಕಿನ ಮೇಲೆ ರಬ್ಬರು ಜಾರುತ್ತದೆ. ರಬ್ಬರು ಬದಲಿಸಿದರೂ ಘಾಟಿಯ ಇಳಿಜಾರಿಗೆ, ರಿಂಗ್ ರಸ್ತೆಯ ನೂಕುನುಗ್ಗಲಿಗೆ ಅದು ತಕ್ಕದ್ದಲ್ಲ. ಪೇಟೆಗೆ ಹೋಗಿ ತರಕಾರಿ ತರಲು ಅಡ್ಡಿಯಿಲ್ಲ.

ಇದು ಅಜ್ಜಂದಿರ ಸೈಕಲ್ಲಿಗೆ ಮುಗಿಯುವ ಮಾತೂ ಅಲ್ಲ. 2006-07ರಿಂದ ಹಲವು ವರ್ಷ ಕರ್ನಾಟಕ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಕೊಟ್ಟ ಸೈಕಲ್ಲುಗಳು ಈಗ ಹಳ್ಳಿಮನೆಗಳ ಕೊಟ್ಟಿಗೆ ಸೇರುತ್ತಿವೆ. ಮುಂದೊಂದು ದಿನ ಯಾರೋ ಅವುಗಳಲ್ಲೊಂದನ್ನು ಹೊರಗೆಳೆಯುತ್ತಾರೆ, ಮನೆಯವರು ನಗುತ್ತಾರೆ. ಹೈಸ್ಕೂಲಿನ ದಾರಿ ಹಿಡಿದ ಹುಡುಗಿಯೊಬ್ಬಳ ಬ್ಯಾಗಿನ ಪಟ್ಟಿ ಉಜ್ಜಿದ ಗುರುತು ಅದರ ಕ್ಯಾರಿಯರಿನ ಮೇಲೆ ಆಗಲೂ ಇರಬೇಕು.